ಕೃತಕವೆಂಬ ನಿಂದೆ, ಸಹಜವೆಂಬ ಮರೆ

ಕೋಲಾರ ತಾಲ್ಲೂಕಿನ ಹೋಳೂರಿನಿಂದ ಹಿಡಿದು ಶ್ರೀನಿವಾಸಪುರ, ಮುಳಬಾಗಿಲು, ಮಾಲೂರುಗಳ ಬಯಲಿನವರೆಗೆ ಹಿಪ್ಪುನೇರಳೆಯ ಬೆಳೆಯನ್ನು ಅರಿಯದ ಊರು ವಿರಳ. ಸದಾ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ರೈತನು ಕೊಳವೆಬಾವಿಯನ್ನೇ ನಂಬಿ ಸೊಪ್ಪು ಬೆಳೆದು ಹುಳು ಸಾಕುತ್ತಾನೆ. ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಡುತ್ತಾನೆ, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುತ್ತಾನೆ. ಅಲ್ಲಿಂದ ಮುಂದಿನದು ನೂಲು ಬಿಚ್ಚುವವರ ಕೆಲಸ. ಬಿಸಿನೀರಿನಲ್ಲಿ ಗೂಡು ಬೆಂದು ಎಳೆ ಸಡಿಲಗೊಳ್ಳುವ ಹೊತ್ತಿಗೆ ಒಳಗಿನ ಜೀವವೂ ಬೆಂದಿರುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು ಆರೇಳು ಕಿಲೋ ಗೂಡು ಬೇಕು. ಎಣಿಸಿದರೆ ಮೂರು ಸಾವಿರಕ್ಕೂ ಮಿಕ್ಕ ಜೀವಗಳು. ಇದನ್ನು ಅರಿಯದವರು ಈ ಸೀಮೆಯಲ್ಲಿ ಯಾರೂ ಇಲ್ಲ. ಆದರೂ ಮದುವೆಯ ಮಂಟಪದಲ್ಲಿ ಆ ಬಟ್ಟೆಗೆ ಇರುವ ಹೆಸರು ಮಡಿ, ಅದರ ಅಂಗಡಿಯ ಹೆಸರು ಶುದ್ಧ ರೇಷ್ಮೆ.

ಅದೇ ಶುದ್ಧತೆಯ ಮಾತು ಈಗ ವೈದ್ಯಶಾಸ್ತ್ರದ ಬಾಗಿಲಿಗೂ ಬಂದಿದೆ. ವಂಶವಾಹಿ ಚಿಕಿತ್ಸೆ, ಅಂದರೆ ರೋಗಿಯ ಜೀವಕೋಶದೊಳಕ್ಕೆ ಸರಿಯಾದ ಜೀನ್ ಒಂದನ್ನು ತಲುಪಿಸಿ ರೋಗವನ್ನು ಗುಣಪಡಿಸುವ ಕ್ರಮ, ಪುಸ್ತಕದ ಪುಟದಿಂದ ಆಸ್ಪತ್ರೆಯ ಹಾಸಿಗೆಯವರೆಗೆ ಬಂದಾಯಿತು. ಆ ಜೀನನ್ನು ಹೊತ್ತೊಯ್ಯುವ ವಾಹಕ ಯಾವುದಿರಬೇಕು ಎಂಬ ಚರ್ಚೆಯಲ್ಲಿ, ಧರ್ಮಭೀರುಗಳೂ ಸುಶಿಕ್ಷಿತರೂ ಆದ ಜನರಿಂದಲೇ ಒಂದು ಅಭಿಪ್ರಾಯ ಪದೇ ಪದೇ ಕೇಳಿಬರುತ್ತದೆ: ವೈರಸ್ಸು ಬೇಡ, ಕಾರ್ಖಾನೆಯ ಪ್ಲಾಸ್ಟಿಕ್ಕಿನಂತಹ ಪಾಲಿಮರುಗಳು ಅದಕ್ಕಿಂತಲೂ ಬೇಡ, ನಿಸರ್ಗವೇ ಕೊಟ್ಟ ಪದಾರ್ಥಗಳಿಂದ ವಾಹಕವನ್ನು ಮಾಡಿದರೆ ಅದು ಸಾತ್ತ್ವಿಕ, ಅದೇ ಅಹಿಂಸೆಗೆ ಹತ್ತಿರ. ಕೇಳಲು ಇಂಪಾದ ಮಾತು. ಪರೀಕ್ಷಿಸಿದರೆ ಇದು ತಲೆಕೆಳಗಾದ ಮಾತು.

ಪರೀಕ್ಷೆಗೆ ಮೊದಲು ವಾಹಕದ ಕೆಲಸವೇನೆಂಬುದನ್ನು ತಿಳಿಯುವುದು ಅವಶ್ಯ. ಜೀನ್ ಎಂಬುದು ಡಿ.ಎನ್.ಎ. ಎಂಬ ದೀರ್ಘವಾದ ಎಳೆಯ ಒಂದು ಭಾಗ. ಮನುಷ್ಯನ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಆ ಎಳೆ ಸುತ್ತಿಕೊಂಡಿರುತ್ತದೆ. ಅದರ ಬೆನ್ನುದ್ದಕ್ಕೂ ಇರುವ ಫಾಸ್ಫೇಟುಗಳಿಂದ ಅದು ಋಣ ವಿದ್ಯುದಂಶವನ್ನು ಹೊತ್ತಿದೆ. ಜೀವಕೋಶದ ಹೊರಮೈಯೂ ಋಣವೇ. ಸಮಾನವಾದ ವಿದ್ಯುದಂಶಗಳು ಒಂದನ್ನೊಂದು ತಳ್ಳುವುದರಿಂದ ಬರಿಯ ಡಿ.ಎನ್.ಎ. ಕೋಶದ ಬಾಗಿಲಿಗೂ ಬರಲಾರದು. ಬಂದರೂ ರಕ್ತದಲ್ಲಿರುವ ಕಿಣ್ವಗಳು ಅದನ್ನು ದಾರಿಯಲ್ಲೇ ತುಂಡರಿಸುತ್ತವೆ. ಧನ ವಿದ್ಯುದಂಶವುಳ್ಳ ಪಾಲಿಮರಿನ ಸರಪಣಿಯೊಂದನ್ನು ಅದರೊಡನೆ ಬೆರೆಸಿದರೆ ಎರಡೂ ಅಪ್ಪಿಕೊಂಡು, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಗಾತ್ರದ ಸಣ್ಣ ಉಂಡೆಯಾಗುತ್ತವೆ. ಕೋಲಾರದವನು ಮುದ್ದೆಯನ್ನು ಅಗಿಯದೆ ನುಂಗುವಂತೆ ಜೀವಕೋಶವು ಆ ಉಂಡೆಯನ್ನು ಇಡಿಯಾಗಿ ನುಂಗುತ್ತದೆ. ನುಂಗಿದ್ದು ಒಂದು ಚೀಲದೊಳಗೆ ಸೇರುತ್ತದೆ. ಚೀಲದೊಳಗೆ ಆಮ್ಲತೆ ಏರತೊಡಗುತ್ತದೆ. ಅಲ್ಲಿಯೇ ಉಳಿದರೆ ಜೀನ್ ಜೀರ್ಣವಾಗಿಹೋಗುತ್ತದೆ. ಆ ಚೀಲದಿಂದ ಪಾರಾಗಿ ಕೋಶಕೇಂದ್ರದವರೆಗೆ ಜೀನನ್ನು ಮುಟ್ಟಿಸುವುದೇ ವಾಹಕದ ಸಾಮರ್ಥ್ಯದ ನಿಜವಾದ ಪರೀಕ್ಷೆ.

ಈ ಕೆಲಸಕ್ಕೆ ನಿಸರ್ಗದತ್ತವೆಂದು ಹೊಗಳಿಸಿಕೊಳ್ಳುವ ಪದಾರ್ಥಗಳಾವುವು? ಮೊದಲನೆಯದು ಜೆಲಟಿನ್. ದನ, ಹಂದಿಗಳ ಚರ್ಮವನ್ನೂ ಮೂಳೆಯನ್ನೂ ಬೇಯಿಸಿ ತೆಗೆಯುವ ವಸ್ತು ಇದು. ಔಷಧದ ಕ್ಯಾಪ್ಸೂಲು ಇದರಿಂದಲೇ ಆಗುತ್ತದೆಂಬ ಕಾರಣಕ್ಕೆ ಗುಳಿಗೆಯನ್ನೇ ಕೇಳಿ ಪಡೆಯುವ ಶ್ರಾವಕರು ಎಷ್ಟೋ ಮಂದಿ. ಎರಡನೆಯದು ಕೈಟೋಸಾನ್, ಸೀಗಡಿ, ಏಡಿಗಳ ಚಿಪ್ಪಿನಿಂದ ಪ್ರಧಾನವಾಗಿ ತೆಗೆಯುವಂಥದು. ಮೂತ್ರಕೋಶದ ಕ್ಯಾನ್ಸರಿಗೆ ಜೀನನ್ನು ಒಯ್ಯಲು ಕೈಟೋಸಾನನ್ನು ಮಾರ್ಪಡಿಸಿ ಮಾಡಿದ ವಾಹಕವೊಂದು ವಿದೇಶದಲ್ಲಿ ಮಾನವ ಪರೀಕ್ಷೆಯ ಹಂತವನ್ನೂ ತಲುಪಿದೆ. ಅಣಬೆಯ ಜಾತಿಯಿಂದಲೂ ಕೈಟೋಸಾನ್ ತೆಗೆಯಬಹುದು ಎಂಬುದು ನಿಜ. ಆದರೆ ಚಿಪ್ಪು ಮೀನುಗಾರಿಕೆಯ ತ್ಯಾಜ್ಯವಾಗಿ ರಾಶಿರಾಶಿಯಾಗಿ ದೊರಕುವಾಗ ಆ ದಾರಿ ಹಿಡಿಯುವವರು ಕಡಮೆ. ಮೂರನೆಯದು ರೇಷ್ಮೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ಯಾಪ್ಲಾನರ ಬಳಗವು ಜೇಡರ ಬಲೆಯ ಪ್ರೋಟೀನನ್ನು ಅನುಸರಿಸಿ, ಪ್ರಾಣಿಯನ್ನೇ ಮುಟ್ಟದೆ, ಸೂಕ್ಷ್ಮಜೀವಿಗಳಲ್ಲಿ ತಯಾರಿಸಿದ ರೇಷ್ಮೆಯಿಂದ ಜೀನ್‌ವಾಹಕಗಳನ್ನು ಮಾಡಿ 2010ರ ಸುಮಾರಿಗೆ ವರದಿ ಮಾಡಿತು. ಅದು ಬೇರೆ ಮಾತು. ಹುಳುವಿನ ಗೂಡಿನಿಂದ ತೆಗೆದ ಫೈಬ್ರಾಯಿನನ್ನೇ ಬಳಸುವ ಪ್ರಯೋಗಗಳೂ ಇವೆ, ಮತ್ತು ಸಹಜವೆಂಬ ಹೊಗಳಿಕೆ ಸಲ್ಲುತ್ತಿರುವುದು ಇವಕ್ಕೆ.

ಜೈನ ಆಚಾರಶಾಸ್ತ್ರವು ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿ, ಹಿಂಸೆಯ ಭಾರವನ್ನು ಅದಕ್ಕನುಸಾರವಾಗಿ ತೂಗುತ್ತದೆ. ಪತಂಗದ ವರ್ಗವು ಚತುರಿಂದ್ರಿಯ ಜೀವಗಳಲ್ಲಿ ಎಣಿಕೆಯಾದುದು, ದನವಾದರೋ ಪಂಚೇಂದ್ರಿಯ. ಈ ತಕ್ಕಡಿಯಲ್ಲಿ ಜೆಲಟಿನ್ನು, ಚಿಪ್ಪು, ಗೂಡು ಇವನ್ನು ಒಂದು ತಟ್ಟೆಯಲ್ಲಿಟ್ಟು, ರಾಸಾಯನಿಕದ ಗಾಜಿನ ಸೀಸೆಯಲ್ಲಿ ಅಮೈನುಗಳನ್ನು ಒಂದಕ್ಕೊಂದು ಪೋಣಿಸಿ ಮಾಡಿದ ಪಾಲಿಮರನ್ನು ಇನ್ನೊಂದರಲ್ಲಿಟ್ಟರೆ ಯಾವುದು ಭಾರವಾಗುತ್ತದೆಂಬುದನ್ನು ಹೇಳಲು ಪಂಡಿತನೇ ಬೇಕಾಗಿಲ್ಲ. ನಿಸರ್ಗದಲ್ಲಿ ಹುಟ್ಟಿತೆಂಬುದು ವಸ್ತುವಿನ ಜನ್ಮಪತ್ರಿಕೆ ಮಾತ್ರ. ಹಾವಿನ ವಿಷವೂ ನಿಸರ್ಗದತ್ತವೇ. ಸೀಸೆಯಲ್ಲಿ ಹುಟ್ಟಿದ್ದೆಲ್ಲ ಹೇಯ ಎನ್ನುವವರು ತಮ್ಮ ಮನೆಯ ಮಕ್ಕಳಿಗೆ ಜ್ವರ ಬಂದಾಗ ಕೊಡುವ ಪ್ಯಾರಸಿಟಮಾಲ್ ಎಲ್ಲಿ ಹುಟ್ಟಿತೆಂದು ಒಮ್ಮೆ ವಿಚಾರಿಸಿಕೊಳ್ಳಬೇಕು. ಹೈದರಾಬಾದಿನ ಕುಸುಮ ರಾಜಯ್ಯನವರು ಪತಂಗವು ಗೂಡನ್ನು ಭೇದಿಸಿ ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆದು ಅಹಿಂಸಾ ರೇಷ್ಮೆಯೆಂದು ಹೆಸರಿಟ್ಟರು. ಅವರು ರೇಷ್ಮೆ ಸಹಜವೆಂಬ ಸಮಾಧಾನಕ್ಕೆ ನಿಲ್ಲಲಿಲ್ಲ. ಒಳಗಿನ ಜೀವ ಏನಾಯಿತೆಂದು ಕೇಳಿದರು.

ಹಾಗಾದರೆ ವೈರಸ್ಸು ಏಕಾಗಬಾರದು? ರೋಗದ ಶಕ್ತಿಯನ್ನು ಕಿತ್ತುಹಾಕಿದ ವೈರಸ್ಸು ಇಂದು ಜೀನ್ ಒಯ್ಯುವುದರಲ್ಲಿ ಎಲ್ಲಕ್ಕಿಂತ ಸಮರ್ಥ. ಮುಳಬಾಗಿಲಿನಿಂದ ಕೆಲವೇ ಗಂಟೆಗಳ ಪ್ರಯಾಣದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ, ತೀವ್ರವಾದ ಹೀಮೋಫಿಲಿಯಾದಿಂದ ಬಳಲುತ್ತಿದ್ದ ಐವರ ರಕ್ತದ ಮೂಲಕೋಶಗಳಿಗೆ ಲೆಂಟಿವೈರಸ್ಸಿನ ಮೂಲಕ ಜೀನ್ ಸೇರಿಸಿ ಅವರ ಆಗಾಗಿನ ರಕ್ತಸ್ರಾವವನ್ನು ನಿಲ್ಲಿಸಿದ ವರದಿ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದನ್ನು ಕೀಳೆನ್ನುವುದು ಕೃತಘ್ನತೆ. ಆದರೆ ವೈರಸ್ಸಿನ ಇತಿಹಾಸದಲ್ಲಿ ಸಾವೂ ಇದೆ. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಹದಿನೆಂಟು ವಯಸ್ಸಿನ ಜೆಸ್ಸಿ ಗೆಲ್ಸಿಂಗರ್ ಎಂಬ ಹುಡುಗ ಅಡಿನೋವೈರಸ್ಸಿನ ವಿರುದ್ಧ ತನ್ನ ದೇಹವೇ ಎಬ್ಬಿಸಿದ ಪ್ರತಿಕ್ರಿಯೆಗೆ ಬಲಿಯಾದನು. ಇನ್ನು ಬೆಲೆ. ಬೆನ್ನುಹುರಿಯ ಸ್ನಾಯುಕ್ಷಯ ರೋಗಕ್ಕೆ ವೈರಸ್ಸಿನ ಮೂಲಕ ಜೀನ್ ಕೊಡುವ ಜೋಲ್ಜೆನ್ಸ್ಮಾ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಇಪ್ಪತ್ತೊಂದು ಲಕ್ಷ ಡಾಲರುಗಳಿಗೂ ಮಿಕ್ಕ ಬೆಲೆ ನಿಗದಿಯಾಯಿತು. ನಮ್ಮ ನಾಡಿನಲ್ಲಿ ಅದು ಹದಿನಾರು ಕೋಟಿ ರೂಪಾಯಿಯ ಔಷಧವೆಂದೇ ಜನಜನಿತ. ಕರ್ನಾಟಕದಲ್ಲಿಯೂ ಇಂತಹ ಮಗುವಿನ ತಂದೆತಾಯಿ ಊರೂರಿನವರ ಮುಂದೆ ಸೆರಗೊಡ್ಡಿ ದೇಣಿಗೆ ಕೂಡಿಸಿದ ಉದಾಹರಣೆಗಳಿವೆ. ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ನೀತಿಯಲ್ಲಿ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷಕ್ಕೆ ಏರಿಸಲಾಯಿತು. ಐವತ್ತು ಲಕ್ಷಕ್ಕೂ ಹದಿನಾರು ಕೋಟಿಗೂ ನಡುವಿನ ಕಂದರವನ್ನು ಹೋಳೂರಿನ ಯಾವ ರೈತನ ಎಷ್ಟು ಬೆಳೆ ಗೂಡು ತುಂಬಬಲ್ಲದು?

ಇಷ್ಟು ಬೆಲೆಗೆ ಒಂದು ಕಾರಣ, ಅಸಂಖ್ಯ ವೈರಸ್ ಕಣಗಳನ್ನು ಜೀವಂತ ಕೋಶಗಳಲ್ಲಿ ಬೆಳೆಸಿ ಶುದ್ಧಿಗೊಳಿಸುವ ಶ್ರಮ. ಔಷಧ ಕಂಪೆನಿಗಳ ಲಾಭದ ಲೆಕ್ಕವೂ ಅದರೊಳಗೆ ಸೇರಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಸಂಶ್ಲೇಷಿತ ಪಾಲಿಮರಿಗಾದರೆ ಬೇಕಾದದ್ದು ಎರಡೇ: ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಡಿ.ಎನ್.ಎ., ಮತ್ತು ರಾಸಾಯನಿಕವಾಗಿ ಕಟ್ಟಿದ ಸರಪಣಿ. ಬ್ಯಾಕ್ಟೀರಿಯಾ ಜೀವವಲ್ಲವೇ ಎಂದು ಆಕ್ಷೇಪಿಸುವವರಿಗೆ, ಏಕೇಂದ್ರಿಯ ಜೀವದ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತೊರೆಯಲಾರನೆಂದು ಶಾಸ್ತ್ರವೇ ಒಪ್ಪಿದೆಯೆಂಬುದನ್ನು ನೆನಪಿಸಬೇಕು. ಅವರು ಉಣ್ಣುವ ಮೊಸರಿನಲ್ಲೂ ಅದೇ ವರ್ಗದ ಜೀವಗಳಿವೆ.

ಈ ಪಾಲಿಮರುಗಳಲ್ಲಿ ಪ್ರಸಿದ್ಧವಾದುದು ಪಾಲಿಎಥಿಲೀನಿಮೀನ್. ಕಾಗದದ ಕಾರ್ಖಾನೆಗಳಲ್ಲಿ, ಅಂಟುಗಳಲ್ಲಿ ಮೊದಲಿನಿಂದ ಬಳಕೆಯಲ್ಲಿದ್ದ ಈ ವಸ್ತುವು ಜೀನ್ ಒಯ್ಯಬಲ್ಲದೆಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಜ್ಯಾಂ ಪಾಲ್ ಬೇರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿಕೊಟ್ಟರು. ಜಲಜನಕವನ್ನು ಬಿಟ್ಟು ಎಣಿಸಿದರೆ ಅದರ ಸರಪಣಿಯ ಪ್ರತಿ ಮೂರನೆಯ ಪರಮಾಣು ಸಾರಜನಕ. ಕೋಶದೊಳಗಿನ ಚೀಲದಲ್ಲಿ ಆಮ್ಲತೆ ಏರಿದಂತೆ ಈ ಸಾರಜನಕಗಳು ಪ್ರೋಟಾನುಗಳನ್ನು ಹೀರಿಕೊಳ್ಳುತ್ತವೆ, ಚೀಲಕ್ಕೆ ನೀರು ನುಗ್ಗುತ್ತದೆ, ಚೀಲ ಉಬ್ಬಿ ಒಡೆಯುತ್ತದೆ, ಜೀನ್ ಹೊರಬರುತ್ತದೆ ಎಂಬುದು ಅವರ ವಿವರಣೆ. ಆ ವಿವರಣೆಯ ಬಗ್ಗೆ ಇಂದಿಗೂ ವಾದವಿದೆ. ಫಲದ ಬಗ್ಗೆ ಇಲ್ಲ. ವೈರಸ್ಸಿನ ಔಷಧವನ್ನು ತಯಾರಿಸುವ ಕಾರ್ಖಾನೆಗಳಲ್ಲಿಯೂ, ವೈರಸ್ಸನ್ನು ಹೆರುವ ಕೋಶಗಳೊಳಕ್ಕೆ ಜೀನುಗಳನ್ನು ತಳ್ಳಲು ಸಾಮಾನ್ಯವಾಗಿ ಉಪಯೋಗಿಸುವುದು ಇದೇ ಪಾಲಿಎಥಿಲೀನಿಮೀನನ್ನು. ಪಾಲಿಮರನ್ನು ತಿರಸ್ಕರಿಸಿ ವೈರಸ್ಸನ್ನು ಮೆಚ್ಚುವವರಿಗೆ ಈ ಸಂಗತಿ ತಿಳಿದಿರುವಂತಿಲ್ಲ.

ಇದೆಲ್ಲ ದೂರದೇಶದ ಸುದ್ದಿಯೂ ಅಲ್ಲ. ಕೋಲಾರದ ರೈಲು ಹತ್ತಿ ಮಧ್ಯಾಹ್ನದೊಳಗೆ ತಲುಪಬಹುದಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಭಟ್ಟಾಚಾರ್ಯ ಮತ್ತು ಕೊಂಡಯ್ಯನವರ ಬಳಗವು ಪಾಲಿಎಥಿಲೀನಿಮೀನಿಗೆ ಕೊಲೆಸ್ಟರಾಲನ್ನು ಜೋಡಿಸಿದ ವಾಹಕಗಳ ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿತು. ಅದೇ ಸಂಸ್ಥೆಯ ಎನ್. ಜಯರಾಮನ್‌ರವರು ನಿಮ್ಹಾನ್ಸ್‌ನ ವೈರಾಣು ತಜ್ಞರೊಡನೆ ಕೂಡಿ, ಮರದ ಕೊಂಬೆಯಂತೆ ಕವಲೊಡೆಯುವ ಪಾಲಿಈಥರ್ ಇಮೀನ್ ಎಂಬ ಡೆಂಡ್ರಿಮರುಗಳು ಜೀನ್ ವಾಹಕವಾಗಬಲ್ಲವೆಂದು 2011ರಲ್ಲಿ ತೋರಿಸಿದರು. ಅಮೆರಿಕದಲ್ಲಿ ಡೇವಿಡ್ ಲಿನ್, ರಾಬರ್ಟ್ ಲ್ಯಾಂಗರ್ ಇವರು 2000ದಲ್ಲಿ, ಕೆಲಸ ಮುಗಿದ ಮೇಲೆ ದೇಹದೊಳಗೆ ತಾನಾಗಿಯೇ ಕರಗಿಹೋಗುವ ಪಾಲಿಮರುಗಳನ್ನು ವರ್ಣಿಸಿದ್ದರು. ಮೂರು ವರ್ಷಗಳಲ್ಲಿ ಆ ಬಗೆಯ 2350 ಪಾಲಿಮರುಗಳನ್ನು ತಯಾರಿಸಿ ಪರೀಕ್ಷಿಸುವಷ್ಟು ಆ ವಿದ್ಯೆ ಬೆಳೆಯಿತು. ರಸಾಯನ ಶಾಸ್ತ್ರಜ್ಞನ ಕೈಯಲ್ಲಿ ವಾಹಕವು ತಿದ್ದುಪಡಿಗೆ ಒಪ್ಪುವ ವಸ್ತು. ಸೀಗಡಿಯ ಚಿಪ್ಪಿಗೆ ಆ ವಿಧೇಯತೆ ಅಷ್ಟಿಲ್ಲ.

ಇಷ್ಟು ಹೇಳಿದ ಮೇಲೆ ಪಾಲಿಮರಿನ ಪಕ್ಷಪಾತಿಗಳು ಸಂತೋಷಪಡಬಹುದು. ಅವರ ಸಂತೋಷವನ್ನು ಇಲ್ಲಿಗೇ ನಿಲ್ಲಿಸಬೇಕಾಗಿದೆ.

ಮೊದಲನೆಯದಾಗಿ, ಪಾಲಿಎಥಿಲೀನಿಮೀನ್ ನಿರುಪದ್ರವಿಯಲ್ಲ. ಸರಪಣಿ ದೊಡ್ಡದಾದಷ್ಟೂ ಜೀನ್ ಚೆನ್ನಾಗಿ ಒಯ್ಯುತ್ತದೆ, ಅಷ್ಟೇ ಚೆನ್ನಾಗಿ ಕೋಶವನ್ನು ಕೊಲ್ಲುತ್ತದೆ. ಅದು ದೇಹದಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಮೂತ್ರಕೋಶದ ಕ್ಯಾನ್ಸರಿಗೆಂದು ಪಾಲಿಎಥಿಲೀನಿಮೀನಿನೊಡನೆ ಜೀನನ್ನು ಕೊಡುವ ಇಸ್ರೇಲ್ ಮೂಲದ ಔಷಧವೊಂದರ ಮಾನವ ಪರೀಕ್ಷೆ ಗುರಿ ಮುಟ್ಟುವ ಭರವಸೆಯಿಲ್ಲವೆಂದು 2019ರಲ್ಲಿ ನಿಂತುಹೋಯಿತು. ಸೋಲು ಪಾಪವಲ್ಲ. ಆದರೆ ಈ ವಿಷವನ್ನೂ ಸೋಲನ್ನೂ ಮರೆಮಾಡಿ ಸುರಕ್ಷಿತ, ಅಗ್ಗ, ಅಹಿಂಸಾತ್ಮಕ ಎಂಬ ಮೂರು ವಿಶೇಷಣಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಭಾಷಣಗಳು ಸತ್ಯವ್ರತಕ್ಕೆ ಭಂಗ ತರುತ್ತವೆ.

ಎರಡನೆಯದು ಇದಕ್ಕಿಂತ ಘೋರ. ಪಾಲಿಮರು ಹುಟ್ಟುವ ಸೀಸೆಯಲ್ಲಿ ಪ್ರಾಣಿಯಿಲ್ಲ; ಅದನ್ನು ಪರೀಕ್ಷಿಸುವ ತಟ್ಟೆಯಲ್ಲಿದೆ. ವಾಹಕವು ಕೆಲಸ ಮಾಡುತ್ತದೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಸಾಕಬೇಕು. ಸಾಕಲು ಅವಕ್ಕೆ ಪೋಷಕ ದ್ರವ ಬೇಕು. ಆ ದ್ರವಕ್ಕೆ ಸಾಮಾನ್ಯವಾಗಿ ಹತ್ತರಲ್ಲೊಂದು ಭಾಗ ಬೆರೆಸುವುದು ಗರ್ಭಸ್ಥ ಕರುವಿನ ಸೀರಂ. 1950ರ ದಶಕದಿಂದ ಜಗತ್ತಿನ ಕೋಶಕೃಷಿಯಲ್ಲಿ ಇದು ರೂಢಿಯಾಗಿದೆ. ಕಸಾಯಿಖಾನೆಯಲ್ಲಿ ಕಡಿದ ಹಸು ಗಬ್ಬವಾಗಿದ್ದರೆ ಅದರ ಗರ್ಭದಿಂದ ಕರುವನ್ನು ಹೊರತೆಗೆದು, ಎದೆಗೆ ಸೂಜಿ ಚುಚ್ಚಿ, ಹೃದಯದಿಂದಲೇ ರಕ್ತವನ್ನು ಸೆಳೆಯುತ್ತಾರೆ. ಮೂರು ತಿಂಗಳ ಭ್ರೂಣದಿಂದ ಸುಮಾರು 150 ಮಿಲಿಲೀಟರ್, ಆರು ತಿಂಗಳದ್ದರಿಂದ 350, ಹುಟ್ಟಲು ಸಿದ್ಧವಾದದ್ದರಿಂದ 550 ಮಿಲಿಲೀಟರ್ ರಕ್ತ ದೊರೆಯುತ್ತದೆಂದು ಅದನ್ನು ಅಳೆದವರು ಬರೆದಿದ್ದಾರೆ. ಆ ರಕ್ತವನ್ನು ಹೆಪ್ಪುಗಟ್ಟಿಸಿ ಮೇಲೆ ನಿಂತ ಹೊಂಬಣ್ಣದ ನೀರನ್ನು ಬಾಟಲಿಗೆ ತುಂಬಿದರೆ ಸೀರಂ ಆಯಿತು. ಬಾಟಲಿಯ ಮೇಲೆ ಕರುವಿನ ಚಿತ್ರವಿರುವುದಿಲ್ಲ.

ಗೋಶಾಲೆಗೆ ಹುಲ್ಲು ಕಳುಹಿಸುವ ಕೈ ಈ ಬಾಟಲಿಯ ಖರೀದಿಗೆ ದೇಣಿಗೆಯನ್ನೂ ಕೊಡುತ್ತದೆ. ಸಂಶೋಧನೆಗೆ ಎಂದು ಬರೆದ ಚೆಕ್ಕು ಎಲ್ಲಿ ಕರಗುತ್ತದೆಂದು ಯಾರೂ ವಿಚಾರಿಸುವುದಿಲ್ಲ. ಕರ್ನಾಟಕದಲ್ಲಿ ಗೋಹತ್ಯೆಯನ್ನು ನಿಷೇಧಿಸುವ 2020ರ ಕಾಯಿದೆಗಾಗಿ ಸಭೆ ನಡೆಸಿದವರಲ್ಲಿ ಎಷ್ಟು ಮಂದಿ ಈ ಸೀರಂ ಹೆಸರನ್ನು ಕೇಳಿದ್ದರು? ತಾನು ಕೊಲ್ಲಲಿಲ್ಲವೆಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು, ಅಂದರೆ ಕೃತ, ಕಾರಿತ, ಅನುಮೋದಿತ, ಈ ಮೂರೂ ಕರ್ಮಬಂಧಕ್ಕೆ ಕಾರಣವೆಂದು ಹೇಳುವ ಪರಂಪರೆಯ ಮನುಷ್ಯನಿಗೆ ಕೊಂಡುಕೊಳ್ಳುವವನು ನಿರ್ದೋಷಿಯೆಂಬ ವಾದ ದೊರೆಯುವುದಿಲ್ಲ.

ಇದರಲ್ಲಿ ಇನ್ನೂ ಒಂದು ವಿಪರ್ಯಾಸವಿದೆ. ಸೀರಂನ ಪ್ರೋಟೀನುಗಳಲ್ಲಿ ಬಹುಪಾಲು ಋಣ ವಿದ್ಯುದಂಶವುಳ್ಳವು. ಅವು ಧನ ವಿದ್ಯುದಂಶದ ಪಾಲಿಮರ್ ಉಂಡೆಗೆ ಮುತ್ತಿ ಅದರ ಕೆಲಸವನ್ನೇ ಕೆಡಿಸುತ್ತವೆ. ಆದ್ದರಿಂದ ಜೀನ್ ಕೊಡುವ ಕೆಲವು ಗಂಟೆಗಳ ಕಾಲ ಸೀರಂ ಇಲ್ಲದ ದ್ರವದಲ್ಲಿ ಕೋಶಗಳನ್ನಿಟ್ಟು, ಆಮೇಲೆ ಮತ್ತೆ ಸೀರಂ ಸೇರಿಸುವ ಪದ್ಧತಿ ಅನೇಕ ಕಡೆ ಇದೆ. ಯಾವ ಘಳಿಗೆಗಾಗಿ ಇಷ್ಟೆಲ್ಲ ಸಿದ್ಧತೆಯೋ ಆ ಘಳಿಗೆಯಲ್ಲೇ ಕರುವಿನ ರಕ್ತ ಅಡ್ಡಿ! ರಕ್ತದಲ್ಲಿ ವಾಹಕ ಹೇಗೆ ವರ್ತಿಸುತ್ತದೆಂದು ನೋಡುವುದಕ್ಕೆ ಸೀರಂ ಬೇಕೇ ಬೇಕು ಎಂದು ಹೇಳುವವರಿದ್ದಾರೆ. ಔಷಧ ಹೋಗಬೇಕಾದದ್ದು ಮನುಷ್ಯನ ರಕ್ತಕ್ಕೆ. ಹಾಗಿದ್ದ ಮೇಲೆ ಮನುಷ್ಯನ ಸೀರಂ ಏಕಾಗಬಾರದೆಂಬುದಕ್ಕೆ ಉತ್ತರ ಹೇಳುವ ಹೊಣೆ ಅವರದು. ಪ್ರಾಣಿಯ ಅಂಶವಿಲ್ಲದ ಪೋಷಕ ದ್ರವಗಳು ಇಲ್ಲವೆಂದಲ್ಲ. ವೈರಸ್ ಔಷಧ ತಯಾರಿಸುವ ದೊಡ್ಡ ಕಾರ್ಖಾನೆಗಳೇ ಸೀರಂ ಬಿಟ್ಟು, ಪ್ರತಿಯೊಂದು ಘಟಕವೂ ಗೊತ್ತಿರುವ ದ್ರವಗಳಲ್ಲಿ ಕೋಶಗಳನ್ನು ಸಾಕುತ್ತಿವೆ. ಅವರಿಗೆ ಕರುಣೆ ಹುಟ್ಟಿತೆಂದು ಭಾವಿಸಬೇಕಾಗಿಲ್ಲ. ಒಂದೊಂದು ಬಾರಿಯ ಸೀರಂ ಒಂದೊಂದು ಬಗೆಯಾಗಿರುವುದರಿಂದ ಫಲಿತಾಂಶ ಏರುಪೇರಾಗುತ್ತದೆ, ಪ್ರಾಣಿಯ ಸೋಂಕು ಸೇರುವ ಭಯವೂ ಇದೆ. ಲಾಭದ ದೃಷ್ಟಿಯೇ ಅವರನ್ನು ಅತ್ತ ಒಯ್ದಿತು. ಲಾಭವನ್ನು ನೋಡುವವನು ಬಿಟ್ಟದ್ದನ್ನು ಜ್ಞಾನವನ್ನು ನೋಡುವವನು ರೂಢಿಯ ಹೆಸರಿನಲ್ಲಿ ಹಿಡಿದುಕೊಂಡಿರುವುದು ಶೋಭಿಸದು.

ತಟ್ಟೆಯ ನಂತರ ಇಲಿಯ ಸರದಿ. 1995ರ ಆ ಮೊದಲ ಪ್ರಬಂಧದಲ್ಲಿಯೇ ಆಗತಾನೆ ಹುಟ್ಟಿದ ಇಲಿಮರಿಗಳ ಮಿದುಳಿಗೆ ಪಾಲಿಎಥಿಲೀನಿಮೀನ್ ಚುಚ್ಚಿದ ವೃತ್ತಾಂತವಿದೆ. ಇಲ್ಲಿ ಕಾನೂನು ಸ್ವಲ್ಪ ಸಡಿಲವಾಗಿರುವುದು ಶುಭಸೂಚನೆ. ಭಾರತದಲ್ಲಿ 2023ರ ತಿದ್ದುಪಡಿಯಿಂದ ಹೊಸ ಔಷಧಗಳ ನಿಯಮಗಳು, ಪ್ರಾಣಿಯ ಬದಲಿಗೆ ಮಾನವ ಕೋಶಗಳಿಂದ ಕಟ್ಟಿದ ಅಂಗಮಾದರಿಗಳನ್ನೂ ಗಣಕಯಂತ್ರದ ಮಾದರಿಗಳನ್ನೂ ಒಪ್ಪಿಕೊಂಡಿವೆ. ಅದಕ್ಕೂ ಮೊದಲು 2022ರ ಡಿಸೆಂಬರಿನಲ್ಲಿ ಅಮೆರಿಕ ಇಂತಹುದೇ ಕಾನೂನು ಮಾಡಿತ್ತು. ಬಾಗಿಲು ತೆರೆದಿದೆ. ಆ ಬಾಗಿಲನ್ನು ದಾಟಿಹೋಗಿರೆಂದು ಸಂಶೋಧಕರನ್ನು ಒತ್ತಾಯಿಸುವವರು ಯಾರು?

ಈ ನಡುವೆ ಇನ್ನೊಂದು ಮೂಲೆಯಿಂದ ಬರುವ ಆಕ್ಷೇಪಕ್ಕೂ ಉತ್ತರ ಸಲ್ಲಬೇಕು. ರೋಗವು ಅಸಾತಾ ವೇದನೀಯ ಕರ್ಮದ ಫಲ, ಶರೀರದ ರಚನೆ ನಾಮಕರ್ಮದ ಫಲ. ಜೀನನ್ನು ಬದಲಿಸುವುದೆಂದರೆ ಕರ್ಮದ ಲೆಕ್ಕಕ್ಕೆ ಕೈಹಾಕಿದಂತೆ, ಆದ್ದರಿಂದ ಪಾಲಿಮರೂ ಬೇಡ, ವೈರಸ್ಸೂ ಬೇಡ ಎನ್ನುವ ಕಠೋರರಿದ್ದಾರೆ. ಅವರು ಕನ್ನಡಕವನ್ನು ತೆಗೆದಿಟ್ಟು ಈ ಮಾತನ್ನು ಹೇಳಿದರೆ ಕೇಳಬಹುದಿತ್ತು. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದ ಹಿರಿಯರಿಗೆ ಕರ್ಮಸಿದ್ಧಾಂತ ತಿಳಿದಿರಲಿಲ್ಲವೇ? ಪರರ ನೋವನ್ನು ಅವರವರ ಕರ್ಮಕ್ಕೆ ಒಪ್ಪಿಸಿ ತಾನು ನಿಶ್ಚಿಂತನಾಗಿರುವುದು ಕರ್ಮಸಿದ್ಧಾಂತವಲ್ಲ, ಅದರ ಹೆಸರಿನಲ್ಲಿ ನಡೆಯುವ ನಿರ್ದಯತೆ. ಮುಂದಿನ ಪೀಳಿಗೆಗೆ ಹರಿದುಹೋಗುವಂತೆ ಬೀಜಕೋಶಗಳ ಜೀನನ್ನು ತಿದ್ದುವುದು ಬೇರೆಯೇ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2019ರ ಮಾರ್ಗಸೂಚಿಗಳು ಅದನ್ನು ನಿಷೇಧಿಸಿವೆ. ಇಲ್ಲಿ ಮಾತು ನಡೆದಿರುವುದು ಈ ಮಗುವಿನ ಈ ಸ್ನಾಯುವಿನ, ಈ ರಕ್ತದ ವಿಷಯ.

ಆದಕಾರಣ ಆಕ್ಷೇಪವನ್ನು ಅದು ಸೇರಬೇಕಾದ ಸ್ಥಳಕ್ಕೆ ಒಯ್ಯುವುದು ಉಚಿತ. ಸಂಶ್ಲೇಷಿತ ಪಾಲಿಮರನ್ನು ಕೃತಕವೆಂದು ನಿಂದಿಸುವುದರಲ್ಲಿ ಕಾಲವನ್ನು ವ್ಯಯಮಾಡುವವರು ಆ ಉತ್ಸಾಹದ ಹತ್ತನೆಯ ಒಂದು ಪಾಲನ್ನು ಪ್ರಯೋಗಾಲಯದ ಖರೀದಿ ಪಟ್ಟಿಯ ಮೇಲೆ ಖರ್ಚುಮಾಡಲಿ. ಬೆಂಗಳೂರಿನಲ್ಲಿ ಆಸ್ಪತ್ರೆ, ಕಾಲೇಜು, ಸಂಶೋಧನೆಗಳಿಗೆ ಸಮಾಜದ ಧರ್ಮಾದಾಯ ಸಂಸ್ಥೆಗಳಿಂದ ಹೋಗುವ ಹಣ ಅಲ್ಪವಲ್ಲ. ಕೊಡುವಾಗ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಷರತ್ತು ಹಾಕಲು ಬರುತ್ತದೆ. ಈ ಹಣದಿಂದ ಗರ್ಭಸ್ಥ ಕರುವಿನ ಸೀರಂ ಕೊಳ್ಳಬಾರದೆಂಬ ಷರತ್ತು ಹಾಕಲು ಏಕೆ ಬರುವುದಿಲ್ಲ?

ಷರತ್ತು ಹಾಕಿದವನು ಬದಲಿಯನ್ನೂ ಕೊಡಬೇಕೆಂಬುದು ನ್ಯಾಯ. ಅದೂ ದೂರದಲ್ಲಿಲ್ಲ. ಮಹಾವೀರ ಜಯಂತಿಯ ದಿನ ಊರೂರುಗಳಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತವೆ. ದಾನ ಬಂದ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ಟುಗಳಿಗೆ ಸಾಮಾನ್ಯವಾಗಿ ಐದೇ ದಿನಗಳ ಆಯುಸ್ಸು; ಆಮೇಲೆ ರೋಗಿಗೆ ಕೊಡುವಂತಿಲ್ಲ, ಚೆಲ್ಲಬೇಕು. ಹಾಗೆ ಚೆಲ್ಲುವ ಪ್ಲೇಟ್‌ಲೆಟ್ಟುಗಳನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಒಡೆದು ತೆಗೆದ ಸಾರದಲ್ಲಿ ಮಾನವ ಜೀವಕೋಶಗಳು ಬೆಳೆಯುತ್ತವೆ. ಕರುವಿನ ಸೀರಂನ ಸ್ಥಾನದಲ್ಲಿ ಇದನ್ನು ಬಳಸುವ ಪ್ರಯೋಗಾಲಯಗಳು ಈಗಾಗಲೇ ಜಗತ್ತಿನಲ್ಲಿವೆ. ಎಲ್ಲ ಬಗೆಯ ಕೋಶಗಳಿಗೂ ಇದು ಒಗ್ಗುವುದಿಲ್ಲ, ರೋಗಾಣು ಪರೀಕ್ಷೆಯ ಖರ್ಚೂ ಇದೆ. ಆ ಖರ್ಚಿಗಲ್ಲವೇ ದಾನಿಗಳಿರುವುದು? ಕೋಲಾರದಂತಹ ಜಿಲ್ಲಾ ಕೇಂದ್ರದ ರಕ್ತನಿಧಿಯಿಂದ ಅವಧಿ ಮುಗಿದ ಚೀಲಗಳನ್ನು, ದಾನಿಗಳ ಒಪ್ಪಿಗೆ ಪಡೆದು, ತಣ್ಣನೆಯ ಪೆಟ್ಟಿಗೆಯಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಸಾಗಿಸುವುದು ಗೂಡನ್ನು ಮಾರುಕಟ್ಟೆಗೆ ಸಾಗಿಸುವುದಕ್ಕಿಂತ ಕಷ್ಟದ ಕೆಲಸವಲ್ಲ. ಮುಂದಿನ ಶಿಬಿರದ ಕರಪತ್ರ ಅಚ್ಚಾಗುವ ಮೊದಲು ರಕ್ತನಿಧಿಯ ವೈದ್ಯಾಧಿಕಾರಿಯನ್ನು ಕಂಡು, ವರ್ಷಕ್ಕೆ ಎಷ್ಟು ಚೀಲ ಪ್ಲೇಟ್‌ಲೆಟ್ ಚೆಲ್ಲಿಹೋಗುತ್ತದೆಂಬ ಒಂದು ಅಂಕಿಯನ್ನು ಕೇಳಿ ಬರೆದುಕೊಂಡು ಬರಲಿ.